ಹಳೆಯ ಕಂಪ್ಯೂಟರಿನ ಜೀರ್ಣೋದ್ಧಾರ

ಗೃಹಸ್ಥನ ಮನೆಯಲ್ಲಿ ಒಂದು ವಸ್ತು ಹಳೆಯದಾಯಿತೆಂದರೆ ಅದರ ವಿಷಯದಲ್ಲಿ ಎರಡು ಅಭಿಪ್ರಾಯಗಳು ಹುಟ್ಟುವುದು ಸಹಜ. ಎಳೆಯರು ಅದನ್ನು ತೆಗೆದುಹಾಕಿ ಹೊಸದನ್ನು ತರಬೇಕೆನ್ನುವರು. ಹಿರಿಯರು ಇನ್ನೂ ನಡೆಯುತ್ತಿದೆಯಲ್ಲ, ಇರಲಿ ಎನ್ನುವರು. ಇವೆರಡರಲ್ಲಿ ಯಾವುದೂ ವಿಚಾರಮಾಡಿ ಆಡಿದ ಮಾತಲ್ಲ. ಕೆಟ್ಟಿರುವ ಅಂಗ ಯಾವುದು, ಕೆಡದೆ ಉಳಿದಿರುವ ಅಂಗ ಯಾವುದು ಎಂಬುದನ್ನು ವಿಂಗಡಿಸಿ ನೋಡಿದ ಮೇಲೆ ಹೊರಡತಕ್ಕ ತೀರ್ಮಾನವೇ ತೀರ್ಮಾನ. ಮನೆಯ ಮೂಲೆಯ ಮೇಜಿನ ಮೇಲೆ ಹತ್ತು ಹನ್ನೆರಡು ವರ್ಷಗಳಿಂದ ಕುಳಿತಿರುವ ಕಂಪ್ಯೂಟರಿನ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುವುದರಿಂದ, ಈ ತಿಂಗಳು ಅದನ್ನೇ ವಾಚಕರ ಮುಂದೆ ವಿಚಾರಕ್ಕೆ ತೆಗೆದುಕೊಂಡಿದ್ದೇನೆ.

ಇಂಥ ಕಂಪ್ಯೂಟರಿನ ಮೇಲೆ ಬರುವ ದೂರು ಬಹುಮಟ್ಟಿಗೆ ಒಂದೇ: ಬಹಳ ನಿಧಾನ. ಗುಂಡಿಯೊತ್ತಿ, ಅಡಿಗೆಮನೆಗೆ ಹೋಗಿ ಕಾಫಿ ಕುಡಿದು ಬಂದರೂ ಅದು ಎದ್ದು ಕುಳಿತಿರುವುದಿಲ್ಲ. ಈ ನಿಧಾನಕ್ಕೆ ಯಂತ್ರದ ಮುಪ್ಪೇ ಕಾರಣವೆಂದು ಜನರು ತಿಳಿಯುತ್ತಾರೆ. ಆದರೆ ಲೆಕ್ಕಮಾಡತಕ್ಕ ಪ್ರೊಸೆಸರಿಗಾಗಲಿ ಮದರ್‌ಬೋರ್ಡಿಗಾಗಲಿ ಮನುಷ್ಯರಿಗೆ ಬರುವಂತೆ ಮುಪ್ಪು ಬಂದು ನಡಿಗೆ ತಗ್ಗುವುದಿಲ್ಲ. ಅವು ಕೊಂಡ ದಿನ ಎಷ್ಟು ಬೇಗ ಲೆಕ್ಕಮಾಡುತ್ತಿದ್ದವೋ ಇಂದೂ ಅಷ್ಟೇ ಬೇಗ ಮಾಡುತ್ತವೆ. ಹೊಸ ತಂತ್ರಾಂಶಗಳು ಅವುಗಳ ಮೇಲೆ ಹೊರಿಸುವ ಹೊರೆ ಹೆಚ್ಚಿದೆಯೆಂಬುದು ನಿಜ. ಅದಾಗ್ಯೂ ಆ ಹೊರೆಯ ಬಹುಭಾಗವು ಒಂದೇ ಒಂದು ಅಂಗದ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಆ ಅಂಗವೇ ಹಾರ್ಡ್ ಡಿಸ್ಕು.

ಹಾರ್ಡ್ ಡಿಸ್ಕೆಂಬುದು ತಿರುಗುವ ತಟ್ಟೆಗಳ ಯಂತ್ರ. ಕಾಂತದ ಲೇಪವುಳ್ಳ ನುಣುಪಾದ ತಟ್ಟೆಗಳು ಒಂದು ಅಚ್ಚಿನ ಮೇಲೆ ತಿರುಗುತ್ತಿರುತ್ತವೆ; ಅವುಗಳ ಮೇಲೆ, ಮುಟ್ಟಿಯೂ ಮುಟ್ಟದಷ್ಟು ಎತ್ತರದಲ್ಲಿ, ಒಂದು ಸಣ್ಣ ತೋಳು ಹಿಂದೆ ಮುಂದೆ ಆಡುತ್ತ ಬೇಕಾದುದನ್ನು ಓದುತ್ತದೆ, ಬರೆಯುತ್ತದೆ. ಐ.ಬಿ.ಎಂ. ಸಂಸ್ಥೆಯವರು 1956ನೆಯ ಇಸವಿಯಲ್ಲಿ ಇಂಥ ಮೊದಲ ಯಂತ್ರವನ್ನು ಹೊರತಂದಾಗ ಅದರಲ್ಲಿ 24 ಅಂಗುಲ ಅಡ್ಡಳತೆಯ 50 ತಟ್ಟೆಗಳಿದ್ದವು. ಅಷ್ಟೂ ಸೇರಿ ಅದರಲ್ಲಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು ಮಾತ್ರ. ಇಂದಿನ ಡಿಸ್ಕು ಅಂಗೈಯಗಲದ ಪೆಟ್ಟಿಗೆಯಲ್ಲಿ ಅದರ ಲಕ್ಷಪಾಲನ್ನು ಹಿಡಿಯುತ್ತದೆ. ಆದರೂ ತಟ್ಟೆ ತಿರುಗಬೇಕು, ತೋಳು ಆಡಬೇಕು ಎಂಬ ಮೂಲನಿಯಮ ಬದಲಾಗಿಲ್ಲ.

ಈ ನಿಯಮದ ಬೆಲೆಯೇನೆಂಬುದನ್ನು ಮೂರನೆಯ ತರಗತಿಯ ಗಣಿತದಿಂದ ಕಂಡುಕೊಳ್ಳಬಹುದು. ಮನೆಯ ಕಂಪ್ಯೂಟರಿನ ಸಾಮಾನ್ಯ ಡಿಸ್ಕು ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಬೇಕಾದ ತುಣುಕು ತೋಳಿನ ಕೆಳಕ್ಕೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೆ ಸೆಕೆಂಡಿನ 240ನೆಯ ಒಂದು ಭಾಗ ಬೇಕು. ತೋಳು ಸರಿಯಾದ ಜಾಡಿಗೆ ಬಂದು ನಿಲ್ಲುವುದಕ್ಕೆ ಇದರ ಇಮ್ಮಡಿ ಕಾಲ ಹಿಡಿಯುತ್ತದೆ. ಎರಡನ್ನೂ ಕೂಡಿಸಿದರೆ ಸೆಕೆಂಡಿಗೆ ಸುಮಾರು 80 ತುಣುಕುಗಳನ್ನು ಮಾತ್ರ ಬೇರೆಬೇರೆ ಸ್ಥಳಗಳಿಂದ ಆರಿಸಿ ತರಬಹುದೆಂದಾಯಿತು. ಕಂಪ್ಯೂಟರು ಏಳುವಾಗ ಹತ್ತು ಸಾವಿರ ತುಣುಕುಗಳನ್ನು ಹೀಗೆ ಹೆಕ್ಕಬೇಕೆಂದು ಇಟ್ಟುಕೊಳ್ಳೋಣ. ಎರಡು ನಿಮಿಷಕ್ಕೂ ಮೀರಿದ ಕಾಲ ಬರಿಯ ಹೆಕ್ಕುವುದರಲ್ಲಿಯೇ ಕಳೆದುಹೋಗುತ್ತದೆ. ಅಷ್ಟು ಹೊತ್ತೂ ಪ್ರೊಸೆಸರು ಮಾಡುವ ಕೆಲಸವೇನೆಂದರೆ, ಉಗ್ರಾಣದವನ ದಾರಿ ಕಾಯುವ ಅಡಿಗೆಯವನಂತೆ ಕೈಕಟ್ಟಿ ನಿಂತಿರುವುದು.

ಈ ಉಗ್ರಾಣದವನನ್ನು ಬದಲಾಯಿಸುವುದೇ ನಾನು ಹೇಳಹೊರಟಿರುವ ಉಪಾಯ. ಹಾರ್ಡ್ ಡಿಸ್ಕಿನ ಸ್ಥಾನದಲ್ಲಿ ಎಸ್.ಎಸ್.ಡಿ. ಎಂಬುದನ್ನು ಕೂರಿಸುವುದು. ಇದರಲ್ಲಿ ತಿರುಗುವ ತಟ್ಟೆಯಿಲ್ಲ, ಆಡುವ ತೋಳಿಲ್ಲ. ಇರುವುದೆಲ್ಲವೂ ಸಿಲಿಕಾನಿನ ಕೋಶಗಳು. ಒಂದೊಂದು ಕೋಶದಲ್ಲಿಯೂ ವಿದ್ಯುತ್ಕಣಗಳನ್ನು ನಿರೋಧಕ ಪದರದ ಹಿಂದೆ ಸೆರೆಯಿಟ್ಟು, ಅವು ಎಷ್ಟಿವೆಯೆಂಬುದರ ಮೇಲೆ ಅಕ್ಷರವನ್ನು ಗುರುತಿಸುತ್ತಾರೆ. ವಿದ್ಯುತ್ತನ್ನು ನಿಲ್ಲಿಸಿದರೂ ಆ ಕಣಗಳು ಸೆರೆಯಲ್ಲಿಯೇ ಇರುತ್ತವೆ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕಾ ಅವರು ಈ ಫ್ಲ್ಯಾಶ್ ಸ್ಮೃತಿಯನ್ನು ಕಂಡುಹಿಡಿದವರು, ಇಂದು ಎಸ್.ಎಸ್.ಡಿ.ಗಳಲ್ಲಿ ಬಳಕೆಯಾಗುವ ನ್ಯಾಂಡ್ ಎಂಬ ಬಗೆಯು 1987ರಲ್ಲಿ ಲೋಕಕ್ಕೆ ತಿಳಿಯಿತು. ಒಂದು ತುಣುಕನ್ನು ತರಲು ಇದಕ್ಕೆ ಬೇಕಾಗುವ ಕಾಲ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗ ಅಥವಾ ಅದಕ್ಕಿಂತ ಕಡಮೆ. ಮೇಲಿನ ಹತ್ತು ಸಾವಿರ ತುಣುಕುಗಳು ಒಂದು ಸೆಕೆಂಡಿನಲ್ಲಿ ಬಂದು ಬೀಳುತ್ತವೆ. ಎರಡು ನಿಮಿಷವೆಲ್ಲಿ, ಒಂದು ಸೆಕೆಂಡೆಲ್ಲಿ!

ಗುಣವನ್ನು ಹೇಳಿದ ಮೇಲೆ ಸ್ವಭಾವವನ್ನೂ ಹೇಳಬೇಕು. ನಮ್ಮ ಹಿಂದಿನ ವರ್ತಕರು ಲೆಕ್ಕ ಬರೆಯುತ್ತಿದ್ದ ಕಡತವನ್ನು ವಾಚಕರಲ್ಲಿ ಹಿರಿಯರು ಕೇಳಿರಬಹುದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಒರಸಿ ಮತ್ತೆ ಬರೆಯಬಹುದು. ಆದರೆ ಒರಸಿದಷ್ಟೂ ಲೇಪವು ಸವೆಯುತ್ತದೆ. ಫ್ಲ್ಯಾಶ್ ಕೋಶವೂ ಹಾಗೆಯೇ. ಓದುವುದರಿಂದ ಅದಕ್ಕೆ ಹೆಚ್ಚಿನ ಸವೆತವಿಲ್ಲ. ಅಳಿಸಿ ಬರೆಯುವುದರಿಂದ ಸವೆತವುಂಟು. ಆದಕಾರಣ ಇಂತಿಷ್ಟು ಬರೆಯಬಹುದೆಂದು ತಯಾರಕರೇ ಒಂದು ಮಿತಿಯನ್ನು ಹೇಳಿರುತ್ತಾರೆ. 500 ಜಿ.ಬಿ.ಯ ಒಳ್ಳೆಯ ಎಸ್.ಎಸ್.ಡಿ.ಗೆ 300 ಟಿ.ಬಿ.ಯಷ್ಟು ಬರವಣಿಗೆಯ ಭರವಸೆಯಿರುವುದುಂಟು. ದಿನಕ್ಕೆ 20 ಜಿ.ಬಿ.ಯಂತೆ ಬರೆದರೂ ಅದು ಮುಗಿಯಲು 15,000 ದಿನ, ಎಂದರೆ 41 ವರ್ಷ ಬೇಕು. ಮನೆವಾರ್ತೆಯ ಬಳಕೆಯಲ್ಲಿ ಸವೆತಕ್ಕೆ ಅಂಜಬೇಕಾದ ಕಾರಣವಿಲ್ಲ. ಅಂಜಬೇಕಾದುದು ಬೇರೆ ಒಂದುಂಟು. ಅದನ್ನು ಮುಂದೆ ಹೇಳುತ್ತೇನೆ.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತುವರು. ನಮ್ಮದು ಹಳೆಯ ಮದರ್‌ಬೋರ್ಡು, ಹೊಸ ಎಸ್.ಎಸ್.ಡಿ.ಯ ವೇಗವನ್ನು ಅದು ತಾಳದು, ದುಡ್ಡು ದಂಡವಲ್ಲವೆ ಎಂದು. ಉದಾಹರಣೆಗೆ 2011ರಿಂದ ಕೆಲವು ವರ್ಷ ನಮ್ಮಲ್ಲಿ ಬಹಳವಾಗಿ ಮಾರಾಟವಾದ ಎಚ್61 ಚಿಪ್‌ಸೆಟ್ಟಿನ ಬೋರ್ಡುಗಳನ್ನೇ ತೆಗೆದುಕೊಳ್ಳಿ. ಅವುಗಳಲ್ಲಿ ಆ ಚಿಪ್‌ಸೆಟ್ಟು ಕೊಡುವ ಸಾಟಾ ಕಿಂಡಿಗಳೆಲ್ಲ ಎರಡನೆಯ ತಲೆಮಾರಿನವು; ಸೆಕೆಂಡಿಗೆ 300 ಎಂ.ಬಿ.ಗೆ ಮೀರಿ ಸಾಗಿಸಲಾರವು. ಸಾಟಾ ಎಸ್.ಎಸ್.ಡಿ.ಯು ಮೂರನೆಯ ತಲೆಮಾರಿನ ಕಿಂಡಿಯಲ್ಲಿ 500 ಎಂ.ಬಿ.ಗೂ ಮೀರಿ ಕೊಡಬಲ್ಲುದು. ಅಷ್ಟು ಮಟ್ಟಿಗೆ ನಷ್ಟವೆಂಬುದು ನಿಜವೇ. ಆದರೆ ಮನೆಯ ಕೆಲಸದಲ್ಲಿ ನಮ್ಮನ್ನು ಕಾಯಿಸುತ್ತಿರುವುದು ರಾಶಿಯನ್ನು ಒಮ್ಮೆಗೆ ಹೊರುವ ಕೆಲಸವಲ್ಲ, ಚೂರುಚೂರಾಗಿ ಹೆಕ್ಕುವ ಕೆಲಸ. ಹೆಕ್ಕುವುದರಲ್ಲಿ ಹಳೆಯ ಕಿಂಡಿಯು ಅಡ್ಡಬರುವುದು ಬಹಳ ಕಡಮೆ. ಬಾಗಿಲು ಕಿರಿದಾದರೂ ಉಗ್ರಾಣದವನು ಚುರುಕಾಗಿದ್ದರೆ ಅಡಿಗೆ ಹೊತ್ತಿಗೆ ಸರಿಯಾಗಿ ಆಗುತ್ತದೆ.

ನಮ್ಮ ಬೀದಿಯಲ್ಲಿಯೇ ನಡೆದ ಒಂದು ಸಂಗತಿಯನ್ನು ಹೇಳಿದರೆ ಮುಂದಿನ ಮಾತು ಸುಲಭವಾಗಿ ಮನಸ್ಸಿಗೆ ಹತ್ತೀತು. ಅಂಚೆ ಕಛೇರಿಯಲ್ಲಿದ್ದು ನಿವೃತ್ತರಾದ ಗೃಹಸ್ಥರೊಬ್ಬರು 2013ರಲ್ಲಿ ಮಗನ ಓದಿಗೆಂದು ಕೊಂಡ ಕಂಪ್ಯೂಟರು ಅವರ ಮನೆಯಲ್ಲಿದೆ. ಮಗ ಪರಸ್ಥಳ ಸೇರಿದ, ಯಂತ್ರ ಉಳಿಯಿತು. ಹತ್ತು ವರ್ಷಗಳ ಮನೆಯ ಜಮಾಖರ್ಚು, ಹೊಲದ ಪಹಣಿಯ ಪ್ರತಿಗಳು, ಎಲ್ಲಕ್ಕೂ ಮಿಗಿಲಾಗಿ ಮೂರು ವರ್ಷದ ಹಿಂದೆ ತೀರಿಕೊಂಡ ಅವರ ಮನೆಯಾಕೆಯ ಚಿತ್ರಗಳು, ಎಲ್ಲವೂ ಅದರಲ್ಲಿಯೇ ಇದ್ದವು. ಯಂತ್ರವು ಏಳಲು ನಾಲ್ಕು ನಿಮಿಷಕ್ಕೂ ಮೀರಿ ತೆಗೆದುಕೊಳ್ಳುತ್ತಿತ್ತು. ನಡುನಡುವೆ ಟಿಕ್ ಟಿಕ್ ಎಂಬ ಸದ್ದು ಬೇರೆ. ಅಂಗಡಿಯವನೊಬ್ಬನು ನೋಡಿ, ಇದರ ಆಯುಸ್ಸು ಮುಗಿಯಿತು, ಹಳೆಯದನ್ನು ಇಲ್ಲಿಯೇ ಬಿಟ್ಟು ಹೊಸದನ್ನು ಒಯ್ಯಿರಿ ಎಂದು ಹೇಳಿದನಂತೆ. ಅವರು ಮರಳಿ ಬಂದು ನನ್ನೊಡನೆ, "ಮೇಷ್ಟ್ರೇ, ಯಂತ್ರ ಹೋದರೆ ಹೋಗಲಿ, ಒಳಗಿರೋದು ಹೋಗಬಾರದು" ಎಂದರು. ಆ ಒಂದು ಮಾತಿನಲ್ಲಿ ಈ ವಿಷಯದ ಸಾರವೆಲ್ಲ ಅಡಗಿದೆ.

ಈ ವಿದ್ಯೆಯನ್ನು ಬಲ್ಲ ನನ್ನ ಹಳೆಯ ಶಿಷ್ಯನೊಬ್ಬನನ್ನು ಕರೆಸಿದೆವು. ಅವನು ಮೊದಲು ಮಾಡಿದ ಕೆಲಸ ತಿರುಪು ಬಿಚ್ಚುವುದಲ್ಲ, ಡಿಸ್ಕಿನ ಆರೋಗ್ಯವನ್ನು ಓದುವುದು. ಪ್ರತಿಯೊಂದು ಡಿಸ್ಕೂ ಸ್ಮಾರ್ಟ್ ಎಂಬ ಹೆಸರಿನಲ್ಲಿ ತನ್ನ ದೇಹಸ್ಥಿತಿಯ ದಾಖಲೆಯನ್ನು ತಾನೇ ಇಟ್ಟುಕೊಂಡಿರುತ್ತದೆ. ಅದನ್ನು ತೋರಿಸುವ ಉಚಿತ ತಂತ್ರಾಂಶಗಳಿವೆ. ಕೆಟ್ಟ ಜಾಗಗಳನ್ನು ಬಿಟ್ಟು ಬೇರೆ ಜಾಗಕ್ಕೆ ಸರಿಸಿದ ಲೆಕ್ಕವು ಅದರಲ್ಲಿ ಏರುತ್ತಿದ್ದರೆ ಡಿಸ್ಕು ಹೊರಡಲು ಗಂಟುಕಟ್ಟಿದೆಯೆಂದೇ ತಿಳಿಯಬೇಕು. ಇವರ ಡಿಸ್ಕಿನಲ್ಲಿ ಅದು ಏರಿತ್ತು. ಹೀಗಾಗಿ ಇಡೀ ಡಿಸ್ಕನ್ನು ನಕಲು ಮಾಡುವ ಗೊಡವೆಗೆ ಹೋಗದೆ, ಚಿತ್ರಗಳನ್ನೂ ಕಾಗದಪತ್ರಗಳನ್ನೂ ಮೊದಲು ಹೊರಗಿನ ಬೇರೊಂದು ಡಿಸ್ಕಿಗೆ ಇಳಿಸಿದ. ಒಂದು ಹಗಲೂ ಒಂದು ರಾತ್ರಿಯೂ ಹಿಡಿಯಿತು. ಹನ್ನೊಂದು ಚಿತ್ರಗಳು ಓದಿಗೆ ಸಿಕ್ಕಲಿಲ್ಲ, ಮಿಕ್ಕುವೆಲ್ಲ ಉಳಿದವು. ಇನ್ನು ಕೆಲವು ವಾರ ತಡೆದಿದ್ದರೆ ಏನುಳಿಯುತ್ತಿತ್ತೆಂದು ಯಾರು ಹೇಳಬಲ್ಲರು? ಆ ಮೇಲೆ ಎಸ್.ಎಸ್.ಡಿ. ಕೂರಿಸಿ, 4 ಜಿ.ಬಿ. ಇದ್ದ ರ್‍ಯಾಮನ್ನು 8 ಮಾಡಿದ್ದಾಯಿತು. ಈಗ ಯಂತ್ರವು ಒಂದು ನಿಮಿಷದೊಳಗಾಗಿ ಏಳುತ್ತದೆ.

ದೇವಾಲಯದ ಜೀರ್ಣೋದ್ಧಾರವನ್ನು ಬಲ್ಲವರಿಗೆ ಈ ಕ್ರಮವು ಹೊಸದಲ್ಲ. ಗರ್ಭಗುಡಿಯ ಕಲ್ಲನ್ನು ಕದಲಿಸುವ ಮೊದಲು ದೇವರ ಸಾನ್ನಿಧ್ಯವನ್ನು ಬಾಲಾಲಯಕ್ಕೆ ಬರಮಾಡಿಕೊಳ್ಳುತ್ತಾರೆ. ಕಟ್ಟಡದ ಕೆಲಸ ಆಮೇಲೆ. ನಮ್ಮ ಕಾಗದಪತ್ರಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ಇಳಿಸುವುದೇ ಇಲ್ಲಿ ಬಾಲಾಲಯ. ಇದನ್ನು ಮಾಡದೆ ಯಾರೂ ತಿರುಪಿಗೆ ಕೈಹಾಕಕೂಡದು.

ಇನ್ನು ಕೊಳ್ಳುವ ವಿಷಯ. ಹಳೆಯ ಕಂಪ್ಯೂಟರಿಗೆ ತಕ್ಕದ್ದು 2.5 ಅಂಗುಲದ ಸಾಟಾ ಎಸ್.ಎಸ್.ಡಿ. ಎಂ.2 ಎಂಬ ಪಟ್ಟಿಯಾಕಾರದ್ದೂ ಅಂಗಡಿಯಲ್ಲಿ ಸಿಗುತ್ತದೆ; ಆದರೆ ಹಳೆಯ ಬೋರ್ಡುಗಳಲ್ಲಿ ಅದಕ್ಕೆ ಸ್ಥಾನವಿಲ್ಲ, ಹೊಂದಿಕೆಯ ಕಾರ್ಡು ಹಾಕಿ ಕೂರಿಸಿದರೂ ಅಂಥ ಬೋರ್ಡುಗಳಲ್ಲಿ ಬಹಳಷ್ಟು ಅದರಿಂದ ಯಂತ್ರವನ್ನು ಎಬ್ಬಿಸಲಾರವು. ಗಾತ್ರದಲ್ಲಿ 500 ಜಿ.ಬಿ.ಯಷ್ಟಿದ್ದರೆ ಸಾಮಾನ್ಯ ಸಂಸಾರಕ್ಕೆ ಸಾಕು. ಅದು ಕಂಪ್ಯೂಟರಿನಲ್ಲಿ 465 ಎಂದು ಕಾಣಿಸಿದರೆ ಮೋಸಹೋದೆವೆಂದು ತಿಳಿಯಬಾರದು. ಮಾರುವವರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸು 1024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಬಂದ ವ್ಯತ್ಯಾಸವದು. ಒಂದು ಕೋಶದಲ್ಲಿ ಮೂರು ಅಂಕಿಗಳನ್ನಿಡುವ ಟಿ.ಎಲ್.ಸಿ. ಬಗೆಯು ನಾಲ್ಕನ್ನಿಡುವ ಕ್ಯೂ.ಎಲ್.ಸಿ.ಗಿಂತ ಬರವಣಿಗೆಯಲ್ಲಿ ಹೆಚ್ಚು ಬಾಳುವುದು. ಹೆಸರಾಂತ ತಯಾರಕರದ್ದನ್ನೇ ರಸೀದಿ ಮತ್ತು ಗ್ಯಾರಂಟಿಯೊಡನೆ ಕೊಳ್ಳತಕ್ಕದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ತಮ್ಮ ಊರ ಪೇಟೆಯಲ್ಲಾಗಲಿ, ಅಂಚೆಯ ಮೂಲಕವಾಗಲಿ, ಅಪಾರ ಗಾತ್ರವನ್ನು ಅಲ್ಪ ಬೆಲೆಗೆ ಕೊಡುತ್ತೇನೆನ್ನುವವನಿಂದ ದೂರವಿರುವುದು ಲೇಸು. ಗಾತ್ರವನ್ನು ಸುಳ್ಳಾಗಿ ತೋರಿಸುವ ನಕಲಿ ಸರಕು ಇದೆ. ಅದು ಹೊಟ್ಟೆ ತುಂಬಿದ ಮೇಲೆ ಬರೆದುದನ್ನೆಲ್ಲ ಸದ್ದಿಲ್ಲದೆ ಕಳೆದುಹಾಕುತ್ತದೆ.

ಹಳೆಯ ಡಿಸ್ಕು ಆರೋಗ್ಯವಾಗಿದ್ದರೆ ಅದನ್ನು ಇದ್ದಂತೆಯೇ ಎಸ್.ಎಸ್.ಡಿ.ಗೆ ನಕಲುಮಾಡಬಹುದು. ಇದಕ್ಕೆ ಎಸ್.ಎಸ್.ಡಿ. ತಯಾರಕರಲ್ಲಿ ಕೆಲವರೇ ತಂತ್ರಾಂಶ ಕೊಡುತ್ತಾರೆ. ಕ್ಲೋನ್‌ಜಿಲ್ಲಾ ಎಂಬ ಉಚಿತವಾದದ್ದೂ ಇದೆ. ಯಾವುದು ಮೂಲ, ಯಾವುದು ಗುರಿ ಎಂಬುದನ್ನು ಡಿಸ್ಕಿನ ಹೆಸರು ಗಾತ್ರಗಳೆರಡನ್ನೂ ನೋಡಿ ಎರಡು ಸಲ ನಿಶ್ಚಯಿಸಿಕೊಳ್ಳಬೇಕು. ಇದು ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕನ್ನು ನುಂಗಿಬಿಡುತ್ತದೆ. ಡಿಸ್ಕು ಕೆಟ್ಟಿದ್ದರೆ, ಅಥವಾ ಯಂತ್ರದಲ್ಲಿ ಬಹುಕಾಲದ ಕಸ ಸೇರಿದ್ದರೆ, ಎಲ್ಲವನ್ನೂ ಹೊಸದಾಗಿ ಸ್ಥಾಪಿಸುವುದು ಮೇಲು. ಹಾಗೆ ಮಾಡುವ ಕನ್ನಡಿಗರು ಒಂದನ್ನು ಮರೆಯಬಾರದು: ಯೂನಿಕೋಡಿಗೆ ಹಿಂದಿನ ನುಡಿ, ಬರಹ ಮೊದಲಾದ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಹಳೆಯ ಕಡತಗಳು ಆ ಫಾಂಟುಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣಿಸುತ್ತವೆ. ಕಡತ ಕೆಟ್ಟಿತೆಂದು ಗಾಬರಿಯಿಂದ ಅಳಿಸಿಹಾಕಬಾರದು. ಫಾಂಟುಗಳ ಪ್ರತಿಯನ್ನೂ ಕಾಗದಪತ್ರಗಳೊಡನೆ ಮೊದಲೇ ತೆಗೆದಿಟ್ಟುಕೊಳ್ಳಬೇಕು.

ಕೂರಿಸುವ ಕೆಲಸವು ಕೇಳಿದಷ್ಟು ಕಷ್ಟವಲ್ಲ. ಯಂತ್ರವನ್ನು ನಿಲ್ಲಿಸಿ, ಗೋಡೆಯಿಂದ ವೈರನ್ನು ಕಿತ್ತು, ಪಕ್ಕದ ತಗಡನ್ನು ತೆಗೆಯಬೇಕು. ಮೈಯಲ್ಲಿರುವ ಸ್ಥಿರವಿದ್ಯುತ್ತು ಚಿಪ್ಪುಗಳನ್ನು ಕೆಡಿಸಬಹುದಾದ್ದರಿಂದ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ ಕೈಹಾಕಬೇಕು. ಎಸ್.ಎಸ್.ಡಿ.ಗೆ ಎರಡು ಕೇಬಲ್ಲುಗಳು ಬೇಕು: ಮದರ್‌ಬೋರ್ಡಿನಿಂದ ಬರುವ ಕಿರಿಯದೊಂದು, ಪವರ್ ಸಪ್ಲೈಯಿಂದ ಬರುವ ಅಗಲವಾದದ್ದೊಂದು. ಎರಡರ ಬಾಯಿಯೂ ಇಂಗ್ಲಿಷಿನ ಎಲ್ ಅಕ್ಷರದಂತಿರುವುದರಿಂದ ತಲೆಕೆಳಗಾಗಿ ಕೂರುವುದಿಲ್ಲ. ಬಲಾತ್ಕಾರ ಮಾತ್ರ ಕೂಡದು. ಹಳೆಯ ಕ್ಯಾಬಿನೆಟ್ಟಿನ ಗೂಡು 3.5 ಅಂಗುಲದ್ದಾದ್ದರಿಂದ ಒಂದು ಬ್ರ್ಯಾಕೆಟ್ಟು ಬೇಕಾದೀತು. ಒಳಗೆ ಆಡುವ ಭಾಗವಿಲ್ಲವಾಗಿ ಎಸ್.ಎಸ್.ಡಿ.ಯನ್ನು ಅಡ್ಡಲಾಗಿಯೋ ನೆಟ್ಟಗೋ ಹೇಗಿಟ್ಟರೂ ಬಾಧಕವಿಲ್ಲ.

ಮೊದಲ ಸಲ ಎಬ್ಬಿಸುವಾಗ ಹಳೆಯ ಡಿಸ್ಕಿನ ಕೇಬಲ್ಲನ್ನು ಕಿತ್ತಿಡುವುದು ಕ್ಷೇಮ. ಯಂತ್ರವು ಎದ್ದದ್ದು ಹೊಸದರಿಂದಲೇ ಎಂಬುದು ಆಗ ನಿಸ್ಸಂದೇಹವಾಗುತ್ತದೆ. ಬಯಾಸಿನಲ್ಲಿ ಸಾಟಾ ಕ್ರಮವು ಎ.ಎಚ್.ಸಿ.ಐ. ಎಂದಿರಬೇಕು. ಹೊಸದಾಗಿ ಸ್ಥಾಪಿಸುವವರು ಅದನ್ನು ಮೊದಲೇ ಹಾಗೆ ಮಾಡಿಕೊಳ್ಳಲಿ. ನಕಲುಮಾಡಿದವರು ಐ.ಡಿ.ಇ. ಎಂದಿದ್ದುದನ್ನು ದಿಢೀರನೆ ಬದಲಾಯಿಸಿದರೆ ವಿಂಡೋಸು ಏಳದೆ ನೀಲಿ ಪರದೆ ತೋರಿಸಬಹುದು. ಅಂಥವರು ತಿಳಿದವರನ್ನು ಕೇಳಿ ಮುಂದುವರಿಯುವುದು ಒಳ್ಳೆಯದು.

ಎಸ್.ಎಸ್.ಡಿ.ಯಿಂದ ಎಲ್ಲವೂ ಸರಿಹೋಗುವುದೆಂದು ನಾನು ಹೇಳಲಾರೆ. ರ್‍ಯಾಮು ಕಡಮೆಯಿದ್ದರೆ ಅದನ್ನೂ ಹೆಚ್ಚಿಸಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ನೆಯ ಇಸವಿ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿ.ಪಿ.ಎಂ. 2.0 ಮತ್ತು ಇಂಟೆಲ್ಲಿನ ಎಂಟನೆಯ ತಲೆಮಾರಿನ ಅಥವಾ ಅದಕ್ಕೂ ಈಚಿನ ಪ್ರೊಸೆಸರು ಇಂಥ ಹಳೆಯ ಯಂತ್ರಗಳಲ್ಲಿಲ್ಲ. ಡಿಸ್ಕನ್ನು ಬದಲಾಯಿಸಿದ್ದರಿಂದ ಈ ಕೊರತೆ ತೀರುವುದಿಲ್ಲ. ಆದುದರಿಂದ ಬ್ಯಾಂಕಿನ ವ್ಯವಹಾರವನ್ನು ಅದರಲ್ಲಿ ನಡೆಸತಕ್ಕವರು ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ಉಚಿತ ವ್ಯವಸ್ಥೆಗಳ ಚಾಲ್ತಿಯ ಆವೃತ್ತಿಯನ್ನು ಹಾಕಿಸುವುದು ಯೋಗ್ಯ. ಅಂತರಜಾಲ, ಪತ್ರವ್ಯವಹಾರ, ಕನ್ನಡದ ಬೆರಳಚ್ಚು ಇವೆಲ್ಲ ಅದರಲ್ಲಿ ಚೆನ್ನಾಗಿ ನಡೆಯುತ್ತವೆ. ವಿಂಡೋಸಿನಲ್ಲಿ ಮಾತ್ರ ನಡೆಯುವ ಲೆಕ್ಕದ ತಂತ್ರಾಂಶವೇ ಬೇಕೆನ್ನುವವರಿಗೆ ಮಾತ್ರ ಹೊಸ ಯಂತ್ರವೇ ದಾರಿಯಾದೀತು.

ಈಗ ನಾನು ಮುಂದಕ್ಕೆ ಹಾಕಿದ್ದ ಮಾತು. ಹಾರ್ಡ್ ಡಿಸ್ಕು ಸಾಯುವ ಮುನ್ನ ಅನೇಕ ವೇಳೆ ಸದ್ದುಮಾಡಿ, ತಡವರಿಸಿ, ಎಚ್ಚರಿಕೆ ಕೊಡುತ್ತದೆ. ಎಸ್.ಎಸ್.ಡಿ.ಯು ಹಲವು ವೇಳೆ ಒಂದು ಮಾತೂ ಆಡದೆ ಕಣ್ಣುಮುಚ್ಚುತ್ತದೆ. ಅಳಿಸಿದ ಜಾಗವನ್ನು ಶುಚಿಮಾಡಿಕೊಳ್ಳುವ ಟ್ರಿಮ್ ಎಂಬ ಏರ್ಪಾಟು ಅದಕ್ಕೆ ಬಹಳ ಹಿತವಾದುದು. ಆದರೆ ಅದರಿಂದಾಗಿ ಕೈತಪ್ಪಿ ಅಳಿಸಿದ್ದನ್ನು ಹಿಂದಕ್ಕೆ ಪಡೆಯುವ ಆಸೆಯೂ ಬಹುಮಟ್ಟಿಗೆ ತಪ್ಪುತ್ತದೆ. ಮತ್ತೂ ಒಂದು: ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ ಕೋಶದ ಕಣಗಳು ಮೆಲ್ಲಮೆಲ್ಲನೆ ಸೋರಿಹೋಗಬಹುದು. ವೇಗಕ್ಕೆ ಎಸ್.ಎಸ್.ಡಿ. ಸರಿ, ಬೀರುವಿನಲ್ಲಿಟ್ಟು ಮರೆಯುವುದಕ್ಕೆ ಅದು ಸರಿಯಲ್ಲ. ಆದಕಾರಣ ಮುಖ್ಯವಾದುದರ ಪ್ರತಿ ಇನ್ನೊಂದು ಡಿಸ್ಕಿನಲ್ಲಿ ಮನೆಯೊಳಗೂ, ಮತ್ತೊಂದು ಪ್ರತಿ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಹೊರಗೂ ಇರಬೇಕು. ತಿಂಗಳಿಗೊಮ್ಮೆ, ದಿನಸಿಯ ಲೆಕ್ಕ ಮುಗಿಸುವ ದಿನವೇ, ಈ ಪ್ರತಿಯನ್ನೂ ಹೊಸದು ಮಾಡುವ ಅಭ್ಯಾಸ ಹಾಕಿಕೊಳ್ಳಬಹುದು. ಕೆಸರನ್ನು ತುಳಿದು ತೊಳೆದುಕೊಳ್ಳುವುದಕ್ಕಿಂತ ತುಳಿಯದಿರುವುದೇ ಮೇಲೆಂಬ ಪಂಕಪ್ರಕ್ಷಾಲನ ನ್ಯಾಯವು ಇಲ್ಲಿ ನೂರಕ್ಕೆ ನೂರು ಸಲ್ಲುತ್ತದೆ.

ಉಪಚಾರದ ಮಾತು ಸ್ವಲ್ಪ. ಎಸ್.ಎಸ್.ಡಿ.ಯನ್ನು ಕಂಠಮಟ್ಟ ತುಂಬದೆ ಹತ್ತರಲ್ಲಿ ಒಂದೆರಡು ಪಾಲನ್ನು ಬರಿದಾಗಿ ಬಿಡಬೇಕು. ಹಳೆಯ ಡಿಸ್ಕುಗಳಿಗೆ ಮಾಡುತ್ತಿದ್ದ ಡೀಫ್ರ್ಯಾಗ್ ಎಂಬ ಸಂಸ್ಕಾರವು ಇದಕ್ಕೆ ಬೇಡ. ತೆಗೆದ ಹಳೆಯ ಡಿಸ್ಕನ್ನು ಒಂದೆರಡು ತಿಂಗಳು ಮುಟ್ಟದೆ ಹಾಗೆಯೇ ಇಟ್ಟಿರಬೇಕು. ಏನಾದರೂ ಬಿಟ್ಟುಹೋಗಿದ್ದರೆ ಅದರಲ್ಲಿ ಸಿಕ್ಕೀತು. ಆಮೇಲೆ ಅದು ಗಟ್ಟಿಯಾಗಿದ್ದರೆ ಚಿತ್ರ ಸಂಗೀತಗಳನ್ನಿಡುವ ಎರಡನೆಯ ಉಗ್ರಾಣವಾಗುತ್ತದೆ. ಕೆಟ್ಟಿದ್ದರೆ ಒಳಗಿರುವುದನ್ನು ಪೂರ್ತಿಯಾಗಿ ಅಳಿಸದೆ ಯಾರ ಕೈಗೂ ಕೊಡಬಾರದು. ಗುಜರಿಯವನ ಚೀಲಕ್ಕಿಂತ, 2022ರ ಇ-ತ್ಯಾಜ್ಯ ನಿಯಮಗಳ ಮೇರೆಗೆ ನೋಂದಾಯಿತರಾದವರಿಗೆ ತಲಪಿಸುವುದು ಗೃಹಸ್ಥಧರ್ಮ.

ಯಂತ್ರವನ್ನು ಉಳಿಸುವುದು ಮಿತವ್ಯಯ. ಅದರೊಳಗಿರುವುದನ್ನು ಉಳಿಸುವುದು ಕರ್ತವ್ಯ. ಮೊದಲನೆಯದಕ್ಕೆ ಮುಂದಿನ ತಿಂಗಳವರೆಗೆ ಕಾಯಬಹುದು. ಎರಡನೆಯದನ್ನು ವಾಚಕರು ಈ ಸಂಚಿಕೆಯನ್ನು ಮಡಿಚಿಟ್ಟ ಕೂಡಲೇ, ಇಂದೇ ಸಾಯಂಕಾಲ ಆರಂಭಿಸಲಿ.